ಎತ್ತು ಕುಡಿಯುವ ಮುನ್ನ ನುಂಗಿದ ಮಾತ್ರೆ

ಕಳೆದ ಭಾನುವಾರ ನನ್ನ ಸೋದರಮಾವ, ತಾವೇ ಎಂಟು ವರ್ಷ ಸಾಕಿದ ಎತ್ತನ್ನು ನೋಡಿ, "ಇದ್ಯಾರ್ದು?" ಅಂದರು.

ತಮಾಷೆ ಅಂದುಕೊಂಡೆ. ಆಮೇಲೆ ಅವರ ಅಂಗಿ ನೋಡಿದೆ. ಬೆವರಿನಿಂದ ಪೂರ್ತಿ ತೊಯ್ದಿತ್ತು. ಕೈ ನಡುಗುತ್ತಿತ್ತು.

ಮಾವ ಕೊಂಡ್ಲಹಳ್ಳಿ ಕಡೆ ದೇವರ ಎತ್ತು ಕಾಯುವ ಕಿಲಾರಿ. ಎತ್ತು ನೀರು ಕುಡಿಯುವವರೆಗೆ ಅವರು ಅನ್ನ ಮುಟ್ಟುವುದಿಲ್ಲ. ಅದು ಅವರ ಮನೆತನದ ನೇಮ. ಎರಡು ತಿಂಗಳ ಹಿಂದೆ ಅವರಿಗೆ ಶುಗರ್ ಅಂತ ಗೊತ್ತಾಯಿತು. ಚಳ್ಳಕೆರೆಯಿಂದ ಮಾತ್ರೆ ತಂದುಕೊಟ್ಟವಳು ನಾನೇ. "ಬೆಳಿಗ್ಗೆ ತಿಂಡಿಗೆ ಮುಂಚೆ, ಮರೀಬೇಡ" ಅಂದಿದ್ದೆ. ಅವರು ಒಂದು ದಿನವೂ ಮರೆಯಲಿಲ್ಲ.

"ಬರಿ ಹೊಟ್ಟೇಲಿದ್ರೆ ಏನಾತೈತೆ?" ಅಂತ ಆವತ್ತೇ ಕೇಳಿದ್ದರು. (ಪಿಯು ಕಾಲೇಜಿನ ಬಯಾಲಜಿ ಮೇಡಂ ಆದ ನನಗೆ ಇಷ್ಟು ಸಾಲದೇ?) ಎಎಂಪಿಕೆ ಎಂಬ ಕಿಣ್ವದ ಪಾಠ ಶುರು ಮಾಡಿದೆ. ಜೀವಕೋಶದಲ್ಲಿ ಶಕ್ತಿ ಇಳಿದರೆ ಅದಕ್ಕೆ ತಿಳಿಯುತ್ತದೆ. ಹೊಸದನ್ನು ಕಟ್ಟುವ ಕೆಲಸ ನಿಲ್ಲಿಸುತ್ತದೆ, ಕೂಡಿಟ್ಟ ಕೊಬ್ಬನ್ನು ಉರಿಸಲು ಹಚ್ಚುತ್ತದೆ. "ಒಳಗೂ ಒಬ್ಬ ಕಿಲಾರಿ ಅವನೆ, ಮಾವ."

"ಹಂಗಾದ್ರೆ ಭಯ ಇಲ್ಲ ಬಿಡು" ಅಂದಿದ್ದರು.

ನಾನು ಹೇಳದೇ ಬಿಟ್ಟದ್ದು ಇಷ್ಟು. ಆ ಮಾತ್ರೆ, ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಇನ್ಸುಲಿನ್ ಹೊರಡಿಸುತ್ತದೆ. ರಕ್ತದ ಸಕ್ಕರೆ ಕುಸಿಯುತ್ತಲೇ ಹೋಗುತ್ತದೆ. ಮಿದುಳಿಗೆ ದಾಸ್ತಾನು ಇಲ್ಲ. ಅಲ್ಲಿ ಒಳಗಿನ ಕಿಲಾರಿಯ ಆಟ ನಡೆಯುವುದಿಲ್ಲ.

ಆ ಭಾನುವಾರ ನಾನು ಬುತ್ತಿಯಿಂದ ಬೆಲ್ಲ ತೆಗೆದು ಮಾವನ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು. "ಎತ್ತು ಕುಡಿದಿಲ್ಲ."

ನೀರಿನ ತೊಟ್ಟಿ ಇನ್ನೂ ಒಂದು ಮೈಲಿ ಇತ್ತು.

ಅವರ ಜೊತೆ ಎತ್ತು ಕಾಯುವ ಓಬಯ್ಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. "ಲೇ, ಆಗ್ಲೇ ಕುಡಿದ್ವು. ನೀನು ನಿಂತ್ಕಂಡೇ ನಿದ್ದೆ ಹೊಡೀತಿದ್ದೆ. ತಿನ್ನಲೇ."

ಮಾವ ಬಾಯಿ ತೆರೆದರು.

ಕಾಲು ಗಂಟೆ ಆಗಿರಬೇಕು. ಎತ್ತನ್ನು ಹೆಸರು ಹಿಡಿದು ಕರೆದರು. ಅದರ ಒಣಗಿದ ಮೂತಿ ಮುಟ್ಟಿ ನೋಡಿದರು. "ಸುಳ್ಳು ಹೇಳ್ದೆ ಅಲ್ಲೇನಲೇ?"

"ಹೇಳ್ದೆ. ದೇವ್ರಿಗೆ ನಾನು ಹೇಳ್ಕಂತೀನಿ, ನೀನು ನಡಿ" ಅಂದ ಓಬಯ್ಯ.

ಮರುದಿನ ಡಾಕ್ಟರು ಮಾತ್ರೆ ಬದಲಿಸಿದರು. ಬರೆಯುವ ಮುಂಚೆ, "ದಿನದ ಮೊದಲ ತುತ್ತು ಎಷ್ಟೊತ್ತಿಗೆ?" ಅಂತ ಕೇಳಿದರು.

"ಎತ್ತು ಕುಡಿದ ಮ್ಯಾಲೆ ಸಾರ್. ಮಧ್ಯಾನ ಎರಡು ಗಂಟೆ ಆತೈತೆ."

ಅರ್ಧ ಗಂಟೆ ಪಾಠ ಮಾಡಿದ ನಾನು, ಆ ಒಂದು ಪ್ರಶ್ನೆಯನ್ನು ಯಾಕೆ ಕೇಳಲಿಲ್ಲ?