ಬಾಳೆನಾರಿನ ಗಂಟು

ಒಂದು ಗಂಟು ಸರಿಯಾಗಿ ಹಾಕಲು ಬಾರದೆ ಕೆಲಸ ಕಳೆದುಕೊಂಡವರು ಎಂದು, ಊರವರ ಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುತ್ತಿದ್ದ ಟ್ಯಾಂಕಿನವರ ಬಗ್ಗೆ ಈಗಲೂ ಹೇಳುತ್ತಾರೆ. ಹೇಳುವವರು ಅವರ ಕೈಯನ್ನು ನೋಡಿದ್ದಾರೆಯೇ? ಬಲಗೈ ಮೊಣಕೈಯವರೆಗೆ ಸದಾ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿತ್ತು. ಉಗುರಿನ ಸಂದಿಯಲ್ಲಿ ಪಾಚಿಯ ಹಸಿರು. ಅದೇ ಬೆರಳುಗಳು ಶಂಕರಪುರದ ಮನೆಯಲ್ಲಿ ಹೆಂಡತಿಯ ಜೊತೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದವು. ಒಂದು ಮೊಗ್ಗೂ ಜಾರದ ಹಾಗೆ ಬಾಳೆನಾರಿನಲ್ಲಿ ಬಿಗಿಯುವವರಿಗೆ ಗಂಟು ಬಾರದು ಎಂದರೆ ಯಾವ ತೀರ್ಪುಗಾರರೂ ಒಪ್ಪಲಾರರು. ಆದರೂ ಉಡುಪಿಯಿಂದ ಕಾರ್ಕಳದವರೆಗೆ ಎಲ್ಲರೂ ಒಪ್ಪಿದರು. ಅಲ್ಲಗಳೆಯಬಲ್ಲ ಸಾಕ್ಷಿ ಒಬ್ಬಳೇ ಇದ್ದಳು. ಅವಳು ಬಾಯಿ ಬಿಡಲಿಲ್ಲ. ಅವಳು ನಾನು.

ನನ್ನ ಅಪ್ಪ ಹಲ್ಲಿನ ಡಾಕ್ಟರು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ಅಳುವ ಮಕ್ಕಳನ್ನು ಸುಮ್ಮನಾಗಿಸಲೆಂದು ಕಡಿಯಾಳಿಯ ತಮ್ಮ ಕ್ಲಿನಿಕ್ಕಿನಲ್ಲಿ ಮೀನಿನ ಟ್ಯಾಂಕ್ ಒಂದನ್ನು ಇಟ್ಟಿದ್ದರು. ಅದನ್ನು ನೋಡಿಕೊಳ್ಳಲು ಸೋಮವಾರ ಮತ್ತು ಗುರುವಾರ ಈ ಟ್ಯಾಂಕಿನವರು ಬರುತ್ತಿದ್ದರು. ಮಣಿಪಾಲ, ಕಾರ್ಕಳ, ಕಾಪುವಿನಲ್ಲೂ ಅವರ ಟ್ಯಾಂಕುಗಳಿದ್ದವು. ಹಾಲಿನ ಕ್ಯಾನಿನಲ್ಲಿ ಮೀನು ಹಾಕಿಕೊಂಡು ಬಸ್ಸಿನಲ್ಲಿ ಓಡಾಟ. "ಇವತ್ತು ಬಂಗುಡೆಯಾ ಬೂತಾಯಿಯಾ?" ಎಂದು ಕಂಡಕ್ಟರ್ ಕೆಣಕಿದರೆ, "ಇದು ತಿನ್ನುವುದಲ್ಲ ಮಾರಾಯ, ನೋಡುವುದು. ನಿನ್ನ ಹಾಗಲ್ಲ, ನೋಡುವ ಹಾಗೆ ಉಂಟು" ಎನ್ನುತ್ತಿದ್ದರಂತೆ.

ನಮ್ಮ ಟ್ಯಾಂಕಿನಲ್ಲಿ ಇದ್ದದ್ದು ಒಂದೇ ಆಸ್ಕರ್ ಮೀನು. ಕಪ್ಪು ಮೈ, ಅಲ್ಲಲ್ಲಿ ಕೆಂಡದಂಥ ಚುಕ್ಕೆ, ಅಂಗೈಗಿಂತ ದೊಡ್ಡದು, ಮಹಾ ಜಗಳಗಂಟ. ಅದಕ್ಕೊಂದು ಜೊತೆ ಬೇಕೆಂದು ಅಪ್ಪನ ಹಟ. ಟ್ಯಾಂಕಿನವರು ಅವಸರ ಮಾಡಲಿಲ್ಲ. "ಇವನ ಬಾಯಿಗೆ ಹಿಡಿಸುವಂಥದ್ದು ಬೇಡ ಡಾಕ್ಟ್ರೇ, ಅದು ಊಟ ಆಗ್ತದೆ. ಇವನ ಹಾಗೆಯೇ ಇರುವವನೂ ಬೇಡ, ಅವ ಪಾಲು ಕೇಳ್ತಾನೆ. ಜಗಳ ಬೇಡದವ, ಆದರೆ ಹೆದರದವ ಬೇಕು. ಅಂಥವ ಸಿಗುವುದು ಕಷ್ಟ" ಎಂದರು. ಎಷ್ಟೋ ವಾರಗಳ ನಂತರ ಒಂದು ಸೋಮವಾರ ತಂದರು: ಬೆಳ್ಳಿ ಬಣ್ಣದ ಒಂದು ಬಾರ್ಬ್ ಮೀನು, ಹೆಚ್ಚುಕಡಿಮೆ ಆಸ್ಕರಿನಷ್ಟೇ ಉದ್ದ.

ಹೊಸ ಮೀನನ್ನು ಅವರು ನೇರವಾಗಿ ಬಿಡುತ್ತಿರಲಿಲ್ಲ. ಅಗಲ ಬಾಯಿಯ ಗಾಜಿನ ಭರಣಿಯೊಳಗೆ ಹಾಕಿ, ಬಾಯಿಗೆ ಬಲೆಬಟ್ಟೆ ಮುಚ್ಚಿ, ಬಾಳೆನಾರಿನಿಂದ ಬಿಗಿದು, ಭರಣಿಯನ್ನೇ ಟ್ಯಾಂಕಿನೊಳಗೆ ಇಳಿಸುತ್ತಿದ್ದರು. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಹಳೆಯ ಮೀನು ಭರಣಿಗೆ ಎಷ್ಟು ಸಲ ಗುದ್ದುತ್ತದೆಂದು ಒಂದು ಗಂಟೆ ಎಣಿಸುವುದು. ಅಂದು ಆಸ್ಕರ್ ಬಿಡದೆ ಗುದ್ದಿತು. "ಗುರುವಾರದವರೆಗೆ ಹೀಗೇ ಇರಲಿ" ಎಂದರು. "ಆಮೇಲೆ ಕಲ್ಲುಗಳನ್ನೆಲ್ಲ ಅಡಿಮೇಲು ಮಾಡಿ ಬಿಡುವ. ಈಗ ಈ ಮನೆ ತನ್ನದೆಂದು ಅವನಿಗೆ ಉಂಟು. ಮನೆ ಬದಲಾದರೆ ಇಬ್ಬರೂ ಹೊಸಬರೇ ಅಲ್ವಾ?"

ನಾನು ಆಗಷ್ಟೇ ಕಾಲೇಜಿಗೆ ಚರ್ಚಾಸ್ಪರ್ಧೆಯ ಶೀಲ್ಡು ತಂದಿದ್ದೆ. ಸುಮ್ಮನಿರಲಾಗಲಿಲ್ಲ. "ಒಂದು ಗಂಟೆ ನೋಡಿ ತೀರ್ಮಾನ ಹೇಗೆ? ಅದು ಗುದ್ದುವುದು ಗಾಜಿನ ಮೇಲಿನ ಸಿಟ್ಟಿಗೂ ಇರಬಹುದಲ್ಲ? ಕಲ್ಲು ಬದಲಿಸದೆ ಎಂದಾದರೂ ಬಿಟ್ಟು ನೋಡಿದ್ದೀರಾ? ಇಲ್ಲವಾದರೆ ಕಲ್ಲಿನದೇ ಕಾರಣ ಎಂದು ಹೇಗೆ ಗೊತ್ತು?" ಕೆನ್ನೆ ಊದಿಸಿಕೊಂಡು ಕುಳಿತ ರೋಗಿಗಳೂ ನಕ್ಕರು. ಅವರು ಕೈ ಒರೆಸಿಕೊಂಡು, "ನೀನು ಗೆದ್ದಿ ಮಾರಾಯ್ತಿ. ಆದರೆ ಮೀನು ಕೇಳಿಸಿಕೊಳ್ಳಲಿಲ್ಲ ಅಲ್ವಾ?" ಎಂದರು.

ಎಲ್ಲರೂ ಮತ್ತೆ ನಕ್ಕರು. ಈ ಸಲ ನನ್ನನ್ನು ನೋಡಿ.

ಮಂಗಳವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ ಇದ್ದೆ. ಗಂಟು ಬಿಚ್ಚಲು ನೋಡಿದೆ; ಬರಲಿಲ್ಲ. ಹತ್ತಿ ಕತ್ತರಿಸುವ ಕತ್ತರಿಯಿಂದ ನಾರನ್ನು ಕತ್ತರಿಸಿದೆ. ಕಲ್ಲು ಮುಟ್ಟಲಿಲ್ಲ, ಮುಟ್ಟಿದರೆ ನನ್ನ ವಾದ ಉಳಿಯುತ್ತಿರಲಿಲ್ಲವಲ್ಲ. ಬಾರ್ಬ್ ಮೆಲ್ಲಗೆ ಹೊರಗೆ ಬಂತು. ಹತ್ತು ನಿಮಿಷ ಏನೂ ಆಗಲಿಲ್ಲ. ಗುರುವಾರ ಅವರಿಗೆ ಹೇಳಬೇಕಾದ ವಾಕ್ಯವನ್ನು ನಾನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅಷ್ಟರಲ್ಲಿ ಬಾರ್ಬ್ ಕಲ್ಲಿನ ಮೂಲೆಗೆ ತಿರುಗಿತು, ಆಸ್ಕರ್ ಎರಗಿತು. ನಾನು ಹೊರಗಿನಿಂದ ಗಾಜು ಬಡಿದೆ. ಮತ್ತೆ ಒಳಗೆ ಕೈ ಹಾಕಲಿಲ್ಲ. ಕೆರಳಿದ ಆಸ್ಕರ್ ಕಚ್ಚೀತೆಂಬ ಹೆದರಿಕೆ. ಅಪ್ಪ ಬರುವಾಗ ನೀರಿನ ತುಂಬ ಬೆಳ್ಳಿಯ ಪೊರೆಗಳು ತೇಲುತ್ತಿದ್ದವು.

ಗುರುವಾರ ಅಪ್ಪ ರೋಗಿಗಳ ಮುಂದೆಯೇ ಕೂಗಾಡಿದರು. "ಎಂತ ಕಟ್ಟಿದ್ದು ನೀವು? ಮೀನು ಹೊರಗೆ ಬಂದು ಸತ್ತಿದೆ!" ಟ್ಯಾಂಕಿನವರು ಭರಣಿಯನ್ನು ಎತ್ತಿ, ಅದಕ್ಕೆ ಅಂಟಿದ್ದ ನಾರನ್ನು ಬಿಡಿಸಿ ಬೆಳಕಿಗೆ ಹಿಡಿದರು. ಗಂಟು ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಕತ್ತರಿ ನೇರವಾಗಿ ಕತ್ತರಿಸಿದ ಗುರುತು. ಒಮ್ಮೆ ನನ್ನ ಮುಖ ನೋಡಿದರು. ನಾರನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಗಂಟು ಸಡಿಲ ಆಗಿರಬೇಕು ಡಾಕ್ಟ್ರೇ. ನನ್ನದೇ ತಪ್ಪು."

ಅಂದು ನನಗೆ ಚರ್ಚಾಸ್ಪರ್ಧೆಯ ಮೂರು ನಿಮಿಷದ ಮಿತಿ ಇರಲಿಲ್ಲ, ಗಂಟೆ ಬಾರಿಸುವವರೂ ಇರಲಿಲ್ಲ. ಬೇಕಾದಷ್ಟು ಸಮಯ ಇತ್ತು. ನಾನು ಪೇಪರು ಓದುತ್ತಿದ್ದೆ.

ಅಪ್ಪ ಅವರನ್ನು ಬರಬೇಡಿ ಎಂದರು. ಅಷ್ಟಕ್ಕೇ ನಿಂತಿದ್ದರೆ ಒಂದು ಟ್ಯಾಂಕು ಹೋಗುತ್ತಿತ್ತು. ಆದರೆ ಅಪ್ಪನಿಗೆ ಅದೊಂದು ತಮಾಷೆಯ ಕಥೆಯಾಯಿತು. ಮಣಿಪಾಲದ ಡಾಕ್ಟರ ಹತ್ತಿರ, ಕಾರ್ಕಳದ ನೆಂಟರ ಹತ್ತಿರ, ಬಾಯಿ ತೆರೆದು ಕುಳಿತ ರೋಗಿಗಳ ಹತ್ತಿರ, "ಗಂಟು ಹಾಕಲು ಬಾರದವನಿಗೆ ಮೀನು ಸಾಕುವ ಕೆಲಸ" ಎಂದು. ಟ್ಯಾಂಕುಗಳು ಒಂದೊಂದಾಗಿ ಅವರ ಕೈತಪ್ಪಿದವು. ಒಂದೊಂದನ್ನೂ ನಾನು ಊಟದ ಹೊತ್ತಿಗೆ ಅಪ್ಪನ ಬಾಯಿಂದಲೇ ಕೇಳಿದೆ. ಅನ್ನ ಕಲಸಿಕೊಂಡೆ.

ಎರಡು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆಯ ಬುಟ್ಟಿಯ ಜೊತೆ ಸಿಕ್ಕಿದರು. ಕೈ ಒಣಗಿ, ಎರಡೂ ಒಂದೇ ಬಣ್ಣವಾಗಿದ್ದವು. "ಆಸ್ಕರ್ ಹೇಗುಂಟು? ಒಬ್ಬನೇ ಇದ್ದಾನಾ?" ಎಂದರು. ಹೌದು ಎಂದು, ಎದುರಿಗೆ ನಿಂತಿದ್ದ ಬಸ್ಸು ಹತ್ತಿದೆ. ಅದು ಹಿರಿಯಡ್ಕಕ್ಕೆ ಹೋಗುವ ಬಸ್ಸು. ನನಗೆ ಹಿರಿಯಡ್ಕದಲ್ಲಿ ಯಾವ ಕೆಲಸವೂ ಇರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಶಂಕರಪುರಕ್ಕೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. "ಡಾಕ್ಟ್ರ ಮಗಳಾ? ಕುಳಿತುಕೊಳ್ಳಿ ಮಾರಾಯ್ರೆ. ನೀವು ಭಾರೀ ಚೆಂದ ಮಾತಾಡ್ತೀರಂತೆ, ಅವರು ಯಾವಾಗಲೂ ಹೇಳುತ್ತಿದ್ದರು."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳು ಒಂದೂ ಉಳಿಯಲಿಲ್ಲ.

"ಅವರ ಗಂಟು ಸಡಿಲ ಇರಲಿಲ್ಲ. ಕತ್ತರಿಸಿದ್ದು ನಾನು. ಅದು ಅವರಿಗೆ ಗೊತ್ತಿತ್ತು" ಎಂದೆ. ನಾರು ಸುತ್ತುತ್ತಿದ್ದ ಬೆರಳುಗಳು ನಿಂತವು. "ನಿಮ್ಮ ಹತ್ತಿರವೂ ಅವರು ಹೇಳಲಿಲ್ಲವಾ?" ಎಂದು ಕೇಳಿದೆ.