ಹಲ್ಲುಪುಡಿಗೆ ಹೋದ ಮಟ್ಟು

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೊಳ್ಳೇಗಾಲದಿಂದ ಮೈಸೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ರೇಷ್ಮೆ ನೇಕಾರನಿದ್ದ, ನನ್ನ ವಾರಿಗೆಯವನು. ಮಗ್ಗದ ಮೇಲೆ ಕೂತೇ ಪದ ಕಟ್ಟುತ್ತಿದ್ದ, ಮಟ್ಟೂ ಅವನೇ ಹಾಕುತ್ತಿದ್ದ. ಸಾವಿನ ಮನೆಗಳಲ್ಲಿ ಹೆಣವನ್ನು ಕೂರಿಸಿ, ಎತ್ತುವ ಹೊತ್ತಿನವರೆಗೆ ಭಜನೆ ಮಾಡುವುದು ನಮ್ಮ ಕಡೆಯ ವಾಡಿಕೆ. ಆ ಭಜನೆಯಲ್ಲಿ ಮುಂದೆ ಕೂತು ಹಾಡುವ ಜಾಗ ಅವನ ತಂದೆಯದಾಗಿತ್ತು, ಆಮೇಲೆ ಅವನದಾಯಿತು. ನೇಯ್ಗೆಯಲ್ಲಿ ಅವನಿಗಿಂತ ನುರಿತವರು ಅದೇ ಬೀದಿಯಲ್ಲಿದ್ದರು. ಊರು ಅವನನ್ನು ಗುರುತಿಸುತ್ತಿದ್ದುದು ಈ ಜಾಗದಿಂದ.

ಅವನ ಪದಗಳಲ್ಲಿ ಒಂದು ಹನೂರಿನಿಂದ ಯಳಂದೂರಿನವರೆಗೆ ಎಲ್ಲರ ಬಾಯಲ್ಲಿತ್ತು. ‘ಎದ್ದು ನಡೆಯೋ ಶರಣನೇ, ಊರು ದೂರವಿಲ್ಲ’ ಎಂದು ಶುರುವಾಗುತ್ತಿತ್ತು. ಹೆಣ ಎತ್ತುವ ಮುಂಚೆ ಹಾಡುವ ಪದ ಅದು.

ರೇಷ್ಮೆ ಅಂಗಡಿಗೆ ಬಂದಿದ್ದ ಹಲ್ಲುಪುಡಿ ತಯಾರಕನೊಬ್ಬ ಅದನ್ನು ಕೇಳಿದ. ತನ್ನ ಪುಡಿಗೆ ಪ್ರಚಾರದ ಹಾಡು ಬೇಕಿದೆ, ಹೊಸ ಮಟ್ಟು ಬೇಡ, ಜನರ ಬಾಯಲ್ಲಿ ಆಗಲೇ ಇರುವುದೇ ಬೇಕು ಎಂದ. ಮದರಾಸಿಗೆ ಕರೆದುಕೊಂಡು ಹೋಗಿ ಗ್ರಾಮಫೋನ್ ಪ್ಲೇಟಿಗೆ ಹಾಡಿಸುವ ಮಾತೂ ಆಡಿದ. ನೇಕಾರ ನನ್ನ ಹತ್ತಿರ ಬಂದ.

“ಮಾತು ಬ್ಯಾರೆ, ಮಟ್ಟು ಬ್ಯಾರೆ ಅಲ್ವಾ ಸಾ? ಮಾತ್ನೇ ಬದಲಾಯಿಸ್ಬುಟ್ರೆ ಪದಾನೇ ಬ್ಯಾರೆ ಆಯ್ತದೆ.”

ಆಗುತ್ತದೆ ಎಂದೆ. ನನಗೂ ಹಾಗೆಯೇ ಅನ್ನಿಸಿತ್ತು.

‘ಎದ್ದು ಉಜ್ಜೋ ಅಣ್ಣನೇ, ಹುಳುಕು ಹತ್ತೋದಿಲ್ಲ’ ಎಂದು ಅವನೇ ಮಾತು ಕಟ್ಟಿದ. ಪ್ಲೇಟು ಬಂತು. ಬೆಳಿಗ್ಗೆ ಏಳಕ್ಕೆಲ್ಲ ಪುಡಿಯ ವ್ಯಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೈಕಿನ ಹಾರ್ನಿನಲ್ಲಿ ಅದನ್ನು ಹಾಕುತ್ತಿತ್ತು. ಅಲ್ಲಿಂದ ಹನೂರು, ರಾಮಾಪುರ. ಗಡಿಯ ಹಳ್ಳಿಗಳಿಗೆ ತಮಿಳಿನದೇ ಬೇರೆ ಪ್ಲೇಟು. ಸಾವಿನ ಮನೆಯ ನಿಧಾನವೆಲ್ಲ ಹೋಗಿ ಅದಕ್ಕೆ ಕುಣಿತದ ಓಟ ಬಂದಿತ್ತು. ಮೊದಲ ವಾರ ಅವನು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ತನ್ನ ದನಿ ತಾನೇ ಕೇಳುತ್ತಿದ್ದ.

ಎರಡು ತಿಂಗಳ ಮೇಲೆ ಯಳಂದೂರಿನ ಹತ್ತಿರದ ಒಂದು ಸಾವಿನ ಮನೆಯಲ್ಲಿ ಅವನು ಹಳೆಯ ಮಾತಿನಲ್ಲೇ ಪದ ಎತ್ತಿಕೊಂಡ. ಮೊದಲ ಸಾಲು ಮುಗಿಯುವುದರೊಳಗೆ ಅಂಗಳದ ಮಕ್ಕಳು ‘ಹುಳುಕು ಹತ್ತೋದಿಲ್ಲ’ ಎಂದು ಒಟ್ಟಿಗೆ ಕೂಗಿದರು. ಹೆಂಗಸರು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸತ್ತವರ ಹಿರಿಯ ಮಗ ಎದ್ದು ಬಂದು, “ಸಾಕು ನಿಲ್ಸಣ್ಣ, ನಮ್ಮಪ್ಪನ್ನ ನಗೆಗೀಡು ಮಾಡ್ಬ್ಯಾಡ” ಎಂದ.

ಸುದ್ದಿ ಅವನಿಗಿಂತ ಮೊದಲು ಕೊಳ್ಳೇಗಾಲ ಸೇರಿತು. ಮಾರನೆಯ ದಿನ ಹೋಟೆಲಿನಲ್ಲಿ ನಾವಿಬ್ಬರೂ ಕೂತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ:

“ಏನಣ್ಣೋ, ಸತ್ತೋರ್ಗೂ ಹಲ್ಲುಜ್ಜುಸ್ತೀಯಂತೆ?”

“ನಿಂಗೆ ಬದ್ಕಿದ್ದಾಗ್ಲೇ ಉಜ್ಜುಸ್ತೀನಿ ಬಾ ಕಣ್ಲಾ,” ಎಂದ ನೇಕಾರ. ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಆಮೇಲೆ ಅವನಿಗೆ ಕರೆ ಬರಲಿಲ್ಲ. ಭಜನೆಯವರು ತಾಳ, ಹಾರ್ಮೋನಿಯಂ ಹೊತ್ತು ಅವನ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು. ಅವನು ಮಗ್ಗದಿಂದ ತಲೆ ಎತ್ತುತ್ತಿರಲಿಲ್ಲ. ಹಾಡುವುದನ್ನೂ ಬಿಟ್ಟ. ಗೋಡೆಯಾಚೆಯಿಂದ ನನಗೆ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಒಪ್ಪಿಗೆಯನ್ನು ಅವನು ಒಂದು ಸಲವೂ ಎತ್ತಿ ಆಡಲಿಲ್ಲ.

ವರ್ಷ ತುಂಬುತ್ತ ಬಂದಾಗ ರಾಮಾಪುರದ ಕಡೆಯಿಂದ ಒಬ್ಬ ಆಳು ಬಂದ. ಅಲ್ಲಿನ ಹಿರಿಯ ಜಮೀನುದಾರರೊಬ್ಬರು ತೀರಿಕೊಂಡಿದ್ದರು. ನೇಕಾರನನ್ನೇ ಕರೆತರಬೇಕೆಂದು ಮನೆಯವರು ಹೇಳಿದ್ದರಂತೆ. ಯಾಕೆಂದು ಆಳಿಗೂ ಗೊತ್ತಿರಲಿಲ್ಲ. ಸಾವಿನ ಸುದ್ದಿ ಬರೆಯುವುದಿತ್ತು, ನಾನೂ ಅದೇ ಬಸ್ಸು ಹತ್ತಿದೆ.

ಮಧ್ಯಾಹ್ನದವರೆಗೆ ಅವನು ಬೇರೆ ಬೇರೆ ಪದ ಹಾಡಿದ. ಆ ಮಟ್ಟಿನ ಹತ್ತಿರ ಸುಳಿಯಲಿಲ್ಲ. ಎತ್ತುವ ಹೊತ್ತಾಯಿತು ಎಂದು ಯಾರೋ ಹೇಳಿದರು. ಆವರೆಗೆ ಕಣ್ಣೀರು ಹಾಕದೆ ಗೋಡೆಗೆ ಒರಗಿ ಕೂತಿದ್ದ ಸತ್ತವರ ಹೆಂಡತಿ ಬಾಯಿ ತೆರೆದರು.

“ಅದ್ಯಾಕಣ್ಣ ಹಾಡ್ಲಿಲ್ಲ?”

“ಯಾವ್ದು ತಾಯಿ?”

“ಅದೇ, ಪುಡೀದು. ದಿನಾ ಬೆಳಗಾದ್ರೆ ಇವ್ರು ಬೇವಿನ ಕಡ್ಡಿ ಕಚ್ಕಂಡು ಅದ್ನೇ ಗೊಣಗೋರು. ಪುಡಿ ಮಾತ್ರ ಒಂದಿನಾನೂ ತರ್ಲಿಲ್ಲ.”

ನೇಕಾರ ತಾಳ ಕೆಳಗಿಟ್ಟ.

“ಮಟ್ಟು ಹಾಡ್ತೀನಿ ತಾಯಿ. ಮಾತು ಯಾವ್ದು ಹಾಕ್ಲಿ?”

“ಅವ್ರು ಹಾಡ್ತಿದ್ದುದ್ನೇ ಹಾಡು.”

ಅವನು ಪುಡಿಯ ಮಾತನ್ನೇ ಹಾಡಿದ. ಓಟವನ್ನು ತೆಗೆದು, ಸಾವಿನ ಮನೆಯ ನಿಧಾನದಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಹಾಡಿದ. ಹಿಮ್ಮೇಳದವರು ಒಂದು ಕ್ಷಣ ಮುಖ ಮುಖ ನೋಡಿಕೊಂಡು, ಆಮೇಲೆ ದನಿಗೂಡಿಸಿದರು. ‘ಹುಳುಕು ಹತ್ತೋದಿಲ್ಲ’ ಬಂದಾಗ ಮೊದಲು ನಕ್ಕವರು ಆ ತಾಯಿಯೇ. ನಗುತ್ತಿದ್ದಂತೆ ಅಳು ಬಂತು. ಮಗಳು ಹೋಗಿ ಹಿಡಿದುಕೊಂಡಳು. ಹಾಡು ನಡೆಯುತ್ತಿದ್ದಾಗಲೇ ಹೆಣ ಎತ್ತಿದರು.

ಹಿಂತಿರುಗುವ ಬಸ್ಸು ಹನೂರು ದಾಟಿತು.

“ಹಳೇ ಮಾತು ಇನ್ನು ಹಾಡ್ತೀಯಾ?” ಎಂದು ನಾನೇ ಕೇಳಿದೆ.

“ಕರುದ್ರೆ ಓಯ್ತೀನಿ ಸಾ. ಯಾವ್ದು ಹಾಡ್ಲಿ ಅಂತ ಮನೆಯೋರ್ನ ಕೇಳ್ತೀನಿ.”

ಕೆಲವು ಮನೆಯವರು ಕರೆದರು. ಯಳಂದೂರಿನ ಆ ಮನೆಯ ನೆಂಟರು ಕೊನೆಯವರೆಗೂ ಕರೆಯಲಿಲ್ಲ. ಕರೆದ ಕಡೆ ಅವನು ಚಪ್ಪಲಿ ಬಿಟ್ಟು ಒಳಗೆ ಹೋಗುವ ಮುಂಚೆ ಹೊಸ್ತಿಲಾಚೆಯೇ ನಿಂತು ಕೇಳುತ್ತಿದ್ದ. ಹೆಚ್ಚಿನವರು ಹಳೆಯ ಮಾತೇ ಸಾಕು ಎನ್ನುತ್ತಿದ್ದರು. ಒಬ್ಬಿಬ್ಬರು ಆ ಮಟ್ಟೇ ಬೇಡ ಎಂದರು. ಅಂಥ ಮನೆಗಳಲ್ಲಿ ಅವನು ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರು ಹಾಡುವ ಪದಕ್ಕೆ ತಾಳ ಹಾಕಿ ಬರುತ್ತಿದ್ದ.