ಗಾಜಿನ ಬಾಗಿಲಾಚೆಯ ನಗುಮುಖ

ಪುಟ್ಟಾ, ಚಿನ್ನೀ,

ಹೋದ ತಿಂಗಳು ಪುಟ್ಟ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಾಗ ಬಳ್ಳಾರಿಯ ಆಸ್ಪತ್ರೆಗೆ ನಾನೂ ಬಂದಿದ್ದೆನಲ್ಲ. ಅಲ್ಲಿ ಸಿಸ್ಟರ್ ಒಬ್ಬಳು ಅಗಲವಾದ ಫೋನಿನಂಥದನ್ನು ಅವನ ಮುಂದೆ ಹಿಡಿದು, "ಎಷ್ಟು ನೋವಾಗ್ತಿದೆ? ಈ ಮುಖಗಳಲ್ಲಿ ಒಂದನ್ನು ಮುಟ್ಟು" ಎಂದಳು. ಪುಟ್ಟ ಹಿಂದೆ ಮುಂದೆ ನೋಡದೆ ಕಣ್ಣೀರು ಸುರಿಸುವ ಮುಖವನ್ನೇ ಮುಟ್ಟಿದ. ನಾನು ಎದ್ದು ಹೊರಗೆ ಹೋದೆ.

ಮನೆಗೆ ಬಂದ ಮೇಲೆ ಚಿನ್ನಿ ಕೇಳಿದಳು: "ಅಜ್ಜಿ, ಯಾಕ ಎದ್ದು ಹೋದಿ? ಅಂವ ಅತ್ತದ್ದಕ್ಕ ನಿನಗೂ ಅಳು ಬಂತೇನು?"

"ಇಲ್ಲವಾ, ಬಿಸಿಲಿಗೆ ತಲಿ ಸುತ್ತಿತ್ತು" ಎಂದೆ.

"ಒಳಗ ಎಲ್ಲಿತ್ತಜ್ಜಿ ಬಿಸಿಲು?" ಎಂದು ನಕ್ಕಳು.

ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಬಾದನಹಟ್ಟಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದೆ. ಅದನ್ನೇ ಸ್ಲೇಟಿನ ಮೇಲೆ ಬರೆ ಎಂದರೆ ಬರೆದುಬಿಡುತ್ತಿದ್ದೆ. ಈಗಲೂ ಹಾಗೆಯೇ ಬರೆಯುತ್ತಿದ್ದೇನೆ ಎಂದುಕೊಳ್ಳಿ. ನಿಮ್ಮ ತಾತನ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ, ಬರೆಯಲೂ ಕೈ ಮುಂದಾಗುವುದಿಲ್ಲ. ನಿಮ್ಮ ತಾತ ಎಂದರೆ ಸಾಕು, ನಿಮಗೆ ಗೊತ್ತಲ್ಲ.

ನಾನು ಮದುವೆಯಾಗಿ ಸಿರುಗುಪ್ಪಕ್ಕೆ ಬಂದಾಗ ನಿಮ್ಮ ತಾತ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಮನೆಗೆ ಬಂದರೆ ಮೈಯೆಲ್ಲ ತೌಡಿನ ವಾಸನೆ. ಆಮೇಲೆ ಅದಿರಿನ ಕಾಲ ಬಂತು. ಊರಿನಲ್ಲಿ ಸ್ಟೇರಿಂಗ್ ಹಿಡಿಯಲು ಬರುವವರೆಲ್ಲ ಗಣಿ ಲಾರಿ ಹತ್ತಿದರು, ನಿಮ್ಮ ತಾತನೂ ಹತ್ತಿದರು. ತೌಡಿನ ವಾಸನೆ ಹೋಗಿ ಕೆಂಪು ಧೂಳು ಬಂತು. ಅವರ ಬನಿಯನ್ ಎಷ್ಟು ಸಲ ಒಗೆದರೂ ಬಿಳುಪಾಗುತ್ತಿರಲಿಲ್ಲ. "ಲೇ, ತಿಕ್ಕಿ ತಿಕ್ಕಿ ನಿನ್ನ ಕೈ ಸವದಾವು. ಕೆಂಪು ಬನಿಯನ್ನೇ ತರತೀನಿ ಬಿಡು" ಎನ್ನುತ್ತಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯ ಮೇಲೆ ಹಾದು ಬಂದ ದಿನ ಅವರ ತಾಯಿಗೆ ಖರ್ಜೂರದ ಪೊಟ್ಟಣ ತಪ್ಪದೆ ಬರುತ್ತಿತ್ತು. ಹಲ್ಲಿಲ್ಲದ ಆ ಮುದುಕಿ ಒಂದೊಂದು ಹಣ್ಣನ್ನೂ ಮಧ್ಯಾಹ್ನವೆಲ್ಲ ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದರು.

ಆ ನನ್ನ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ತುಂಗಭದ್ರೆಯಲ್ಲಿ ಈಜಲು ಹೋಗಿ ತೀರಿಕೊಂಡಿದ್ದ. ಸುದ್ದಿ ಕೇಳಿದ ಜಾಗದಲ್ಲೇ ಅತ್ತೆ ಬಿದ್ದಿದ್ದರಂತೆ. ಎದೆ ಬಡಿತ ತಪ್ಪುತ್ತದೆ, ಇನ್ನು ಮುಂದೆ ಇವರಿಗೆ ಯಾವ ಕೆಟ್ಟ ಸುದ್ದಿಯನ್ನೂ ಥಟ್ಟನೆ ಹೇಳಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ನಿಮ್ಮ ತಾತ ತಾಯಿಯ ಮುಂದೆ ಒಂದು ಸಲವೂ ಕೆಮ್ಮಿದವರಲ್ಲ. ಜ್ವರ ಬಂದರೆ ಲಾರಿಯ ಕ್ಯಾಬಿನ್ನಿನಲ್ಲಿ ಮಲಗಿ, ಅದು ಇಳಿದ ಮೇಲೆ ಮನೆಗೆ ಬರುತ್ತಿದ್ದರು. ಹೊಸಿಲು ದಾಟುವ ಮೊದಲೇ "ಆರಾಮ ಅದೀನಬೇ ಅವ್ವ" ಎಂದು ಕೂಗುತ್ತಿದ್ದರು. ನೋವಿದ್ದಾಗ ಅವರ ಕಾಲ್ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಅದು ನನಗೊಬ್ಬಳಿಗೇ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಅವರು ಕುರುಗೋಡು ಕಡೆಯ ಕಾರ್ಖಾನೆಗೆ ಅದಿರು ಒಯ್ದಿದ್ದರು. ಇಳಿಸುವ ಮೊದಲು ಅದಿರಿನ ಮೇಲೆ ಹೊದಿಸಿದ ತಾಡಪತ್ರಿ ಬಿಚ್ಚಬೇಕಲ್ಲ, ಅದಕ್ಕೆಂದು ಮೇಲೆ ಹತ್ತಿ ಹಗ್ಗ ಎಳೆದಿದ್ದಾರೆ. ಹಗ್ಗ ತುಂಡಾಗಿ ಕೆಳಗೆ ಬಿದ್ದರು. ಬೀಳುವಾಗ ಎಡ ಪಕ್ಕೆ ಲಾರಿಯ ಕಬ್ಬಿಣದ ಅಂಚಿಗೆ ಬಡಿಯಿತು. ರಕ್ತ ಬರಲಿಲ್ಲ, ಎಲುಬು ಮುರಿದಂತೆಯೂ ಕಾಣಲಿಲ್ಲ. ಜೊತೆಯ ಡ್ರೈವರುಗಳು ಒತ್ತಾಯ ಮಾಡಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ, ನಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನು ಮಾಡಿದರು. "ಸಣ್ಣ ಪೆಟ್ಟು" ಎಂದಷ್ಟೇ ಹೇಳಿದ್ದರು. ಅತ್ತೆಯನ್ನು ಬಿಟ್ಟು ಹೋಗಬೇಕೆಂದಿದ್ದೆ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಬಸ್ ನಿಲ್ದಾಣದ ದಾರಿ ಹಿಡಿದಿದ್ದರು. ನಿಮ್ಮ ಅವ್ವ ಆಗ ಹೈಸ್ಕೂಲಿನಲ್ಲಿದ್ದಳು, ಅವಳಿಗೆ ಹೇಳಿ ಕಳಿಸಲೂ ಪುರುಸೊತ್ತಾಗಲಿಲ್ಲ.

ಆ ಆಸ್ಪತ್ರೆಯ ತುರ್ತು ವಿಭಾಗ ಸಂತೆಯಂತೆ ತುಂಬಿತ್ತು. ಆಗ ದಿನವೂ ಅದಿರು ಲಾರಿಗಳಿಂದ ಪೆಟ್ಟಾದವರು ಬರುತ್ತಿದ್ದರು. ಗಣಿಯ ಸಾಹುಕಾರರೊಬ್ಬರು ಹೊಸದಾಗಿ ಒಂದು ಯಂತ್ರ ದಾನ ಕೊಟ್ಟಿದ್ದರಂತೆ. ಪ್ರತಿ ಮಂಚಕ್ಕೂ ಟಿ.ವಿ. ರಿಮೋಟಿನಂಥದೊಂದನ್ನು ದಾರದಲ್ಲಿ ಕಟ್ಟಿದ್ದರು. ಅದರ ಮೇಲೆ ಅಂಕಿಗಳ ಬದಲು ಮುಖಗಳು: ನಗುವುದೊಂದು, ಸುಮ್ಮನಿರುವುದೊಂದು, ಹುಬ್ಬು ಗಂಟಿಕ್ಕಿದ್ದೊಂದು, ಕೊನೆಗೆ ಅಳುವುದೊಂದು. ಆಗಾಗ ಅದು ಕುಂಯ್ ಎನ್ನುತ್ತಿತ್ತು. ಆಗ ರೋಗಿ ತನ್ನ ನೋವಿಗೆ ತಕ್ಕ ಮುಖ ಒತ್ತಬೇಕು. ಒತ್ತಿದ ಮುಖ ಸಿಸ್ಟರುಗಳ ಮೇಜಿನ ಮೇಲಿದ್ದ ದೊಡ್ಡ ಟಿ.ವಿ.ಯಲ್ಲಿ ಆ ಮಂಚದ ಜಾಗದಲ್ಲಿ ಮೂಡುತ್ತಿತ್ತು. ಟಿ.ವಿ. ಇಟ್ಟದ್ದು ಸಿಸ್ಟರುಗಳಿಗಾಗಿಯೇ. ಆದರೆ ಬಾಗಿಲು ಗಾಜಿನದಾದ್ದರಿಂದ ಹೊರಗೆ ಬೆಂಚಿನ ಮೇಲೆ ಕುಳಿತ ನಮಗೂ ಕಾಣುತ್ತಿತ್ತು.

ಮೊದಲ ಸಲ ಕುಂಯ್ ಎಂದಾಗ ನಿಮ್ಮ ತಾತ ಹುಬ್ಬು ಗಂಟಿಕ್ಕಿದ ಮುಖ ಒತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಸಿಸ್ಟರ್ ನೋವಿಗೆ ಇಂಜೆಕ್ಷನ್ ಕೊಟ್ಟಳು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಬಿ.ಪಿ. ಸರಿಯಿದೆ, ಸ್ಕ್ಯಾನಿಂಗ್ ಮಾಡಿಸೋಣ, ಸಾಲಿದೆ, ನೋವು ಹೆಚ್ಚಾದರೆ ಒತ್ತಿ, ಕೂಡಲೇ ಬರುತ್ತೇವೆ ಎಂದರು. ಇದರಲ್ಲಿ ತಪ್ಪೇನಿತ್ತು? ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರದು ಯಾವ ತಪ್ಪೂ ನನಗೆ ಕಂಡಿಲ್ಲ.

ಅಷ್ಟರಲ್ಲಿ ಅತ್ತೆಯನ್ನು ಒಂದು ಗಳಿಗೆ ಒಳಗೆ ಬಿಟ್ಟರು. ಅವರು ಮಗನ ತಲೆ ಸವರಿ ಹೇಳಿದರು: "ಮಗಾ, ಹೊರಗ ಕುಂತರ ಟಿ.ವಿ.ಯಾಗ ನಿನ್ನ ಮಾರಿ ಕಾಣತೈತಂತ, ಆಯಾ ಹೇಳಿದ್ಲು. ನಾ ಅಲ್ಲೇ ಕುಂತು ನೋಡ್ತಿರತೀನಿ. ನೀ ನಗೂದು ಕಂಡರ ಸಾಕಪಾ, ನನ್ನ ಜೀವ ನಿಲ್ಲತೈತಿ."

"ಆತು ಬಿಡಬೇ. ಟಿ.ವಿ.ಯಾಗ ಬರಾಕ ನಾ ಏನು ಸಿನಿಮಾ ಹೀರೋನ?" ಎಂದು ನಿಮ್ಮ ತಾತ ನಕ್ಕರು.

ಅದಾದ ಮೇಲೆ ಕುಂಯ್ ಎಂದಾಗಲೆಲ್ಲ ಅವರು ನಗುವ ಮುಖವನ್ನೇ ಒತ್ತಿದರು.

ಸಿಸ್ಟರ್ ನಮ್ಮ ಸಿರುಗುಪ್ಪ ಕಡೆಯವಳು, ಒಳ್ಳೆಯ ಹೆಣ್ಣುಮಗಳು. "ನೋಡಕ್ಕಾ, ಇಂಜೆಕ್ಷನ್ ಹತ್ತೇತಿ. ಅಣ್ಣ ನಗಾಕತ್ತಾನ" ಎಂದು ನನಗೆ ಹೇಳಿ ಅಳುವ ಮುಖದ ಮಂಚಗಳ ಕಡೆ ಓಡಿದಳು. ಅಳುವವರನ್ನು ಮೊದಲು ಸ್ಕ್ಯಾನಿಂಗಿಗೆ ಒಯ್ಯುತ್ತಿದ್ದರು. ನಮ್ಮ ಸರದಿ ಹಿಂದಕ್ಕೆ ಹೋಗುತ್ತಲೇ ಇತ್ತು.

ಹೊರಗೆ ಬೆಂಚಿನ ಮೇಲೆ ಸಂಗನಕಲ್ಲಿನ ಹೆಂಗಸೊಬ್ಬಳಿದ್ದಳು. ಅವಳ ಗಂಡನ ಪಾದ ಉಳುಕಿತ್ತು. ಟಿ.ವಿ.ಯಲ್ಲಿ ಅವನ ಮಂಚದ ಜಾಗದಲ್ಲಿ ಯಾವಾಗಲೂ ಅಳುವ ಮುಖವೇ. "ನಮ್ಮನಿಯಾಂವ ಮುಳ್ಳು ಚುಚ್ಚಿದರ ಓಣಿ ಕೂಡಿಸ್ತಾನ. ಇಲ್ಲಿ ಗುಂಡಿ ಕೈಯಾಗ ಕೊಟ್ಟಾರ, ಬಿಡತಾನೇನು?" ಎಂದಳು. ಬೆಂಚಿನವರೆಲ್ಲ ನಕ್ಕರು. ಅವಳು ಅತ್ತೆಯ ಕಡೆ ತಿರುಗಿ, "ನಿಮ್ಮ ಮಗ ಗಟ್ಟಿ ಆಸಾಮಿ ಬಿಡಜ್ಜಿ. ಬಂದಾಗಿಂದ ನಗಾಕತ್ತಾನ" ಎಂದಳು.

"ಸಣ್ಣಾವಿದ್ದಾಗಿಂದ ಹಂಗೇ ಅಂವ" ಎಂದರು ಅತ್ತೆ. ಅವರಿಗೆ ಓದು ಬಾರದು, ಮಂಚದ ನಂಬರು ತಿಳಿಯದು. ಮೇಲಿನ ಸಾಲಿನಲ್ಲಿ ಮೂಲೆಯದು ಎಂದು ತೋರಿಸಿಕೊಟ್ಟಿದ್ದೆ. ಅದರಿಂದ ಕಣ್ಣು ತೆಗೆಯಲೇ ಇಲ್ಲ.

ನಾನು ಮತ್ತೆ ಒಳಗೆ ಹೋದಾಗ ನಿಮ್ಮ ತಾತನ ತುಟಿ ಒಣಗಿತ್ತು, ಹಣೆ ತಣ್ಣಗೆ ಬೆವೆತಿತ್ತು. ಹೊದಿಕೆ ಸರಿಸಿದೆ. ಕಾಲ್ಬೆರಳುಗಳು ಮಡಚಿಕೊಂಡಿದ್ದವು.

ಓಡಿ ಹೋಗಿ ಸಿಸ್ಟರಿಗೆ ಹೇಳಿದೆ: "ಅವರಿಗೆ ಭಾಳ ಬ್ಯಾನಿ ಐತ್ರಿ."

ಅವಳು ಕೈಲಿದ್ದ ಕೆಲಸ ಬಿಟ್ಟು ಬಂದಳು. "ಏನಣ್ಣಾ, ಬ್ಯಾನಿ ಐತೇನು?"

"ಇಲ್ಲ ತಂಗಿ, ಆರಾಮ ಅದೀನಿ. ಆಕಿ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದ್ರೂ ಎದ್ದು ಕುಂದರತಾಳ" ಎಂದರು. ಸಿಸ್ಟರ್ ನಕ್ಕಳು. ಆಗಲೇ ಯಂತ್ರ ಕುಂಯ್ ಎಂದಿತು. ಅವಳು ನೋಡುತ್ತಿದ್ದಂತೆಯೇ ನಿಮ್ಮ ತಾತ ನಗುವ ಮುಖ ಒತ್ತಿದರು. ಆಚೆ ಮಂಚದಿಂದ ಯಾರೋ ಕೂಗಿದರು, ಅವಳು ಹೋಗಬೇಕಾಯಿತು.

ನಾನು ಅವರ ಕಿವಿಯ ಬಳಿ ಬಗ್ಗಿದೆ. "ಖರೇ ಒತ್ರಿ. ನಿಮ್ಮ ಕಾಲು ನಾ ನೋಡೀನಿ."

ಅವರು ಕಣ್ಣು ಮುಚ್ಚಿದರು. "ಅವ್ವ ನೋಡಾಕತ್ತಾಳಲ್ಲ. ಅಳೂದು ಕಂಡರ ಅಲ್ಲೇ ಬೀಳತಾಳ ಆಕಿ. ಇನ್ನೊಂದೀಟು ತಡಿ, ಸ್ಕ್ಯಾನಿಂಗ್ ಆಗತೈತಿ."

"ಅತ್ತಿನ್ನ ನಾ ಕರಕೊಂಡು ಹೋಗತೀನಿ. ಆವಾಗ ಒತ್ತತೀರೇನು?"

"ಹೂಂ" ಎಂದರು. ಆ ಒಂದು ಹೂಂ ಹೇಳಲು ಅವರಿಗೆ ಎರಡು ಉಸಿರು ಬೇಕಾದವು.

ಹೊರಗೆ ಬಂದು ಅತ್ತೆಯ ಕೈ ಹಿಡಿದೆ. "ಅತ್ತೀ, ಬರ್ರಿ, ಒಂದು ಗುಟುಕು ಚಾ ಕುಡದು ಬರೋಣು."

"ನೀ ಕುಡದು ಬಾ."

"ಬೆಳಿಗ್ಗಿಂದ ಹೊಟ್ಯಾಗ ಏನೂ ಇಲ್ರಿ ನಿಮಗ."

"ನಾ ಎದ್ದರ ಅವನ ಮಾರಿ ಯಾರು ನೋಡಬೇಕು? ಹೋಗವಾ, ನನ್ನ ಎಬ್ಬಸಬ್ಯಾಡ."

ಮತ್ತೆ ಎಳೆದೆ. ಅವರು ಬೆಂಚಿನ ಹಲಗೆಯನ್ನು ಹಿಡಿದುಕೊಂಡರು. ಸುತ್ತಲಿನವರು, "ಇರಲಿ ಬಿಡವಾ, ಹೆತ್ತ ಕರುಳು" ಎಂದು ನನಗೇ ಬುದ್ಧಿ ಹೇಳಿದರು. ಅವರಿಗೆ ಏನೆಂದು ಹೇಳಲಿ? ಅತ್ತೆಯ ಎದುರಿಗೆ ಹೇಳುವ ಮಾತೇ ಅದು?

ಮತ್ತೆ ಸಿಸ್ಟರಿನ ಹತ್ತಿರ ಹೋದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಹಿಂದೆಂದೂ ಬಂದಿರಲಿಲ್ಲ. "ಅವರು ತಾಯಿಗೋಸ್ಕರ ನಗೂದು ಒತ್ತಾಕತ್ತಾರ್ರೀ. ಆ ಮುದುಕೀನ್ನ ಅಲ್ಲಿಂದ ಎಬ್ಬಸರಿ, ನಿಮ್ಮ ಕಾಲು ಹಿಡೀತೀನಿ."

ಅವಳು ನನ್ನ ಮುಖ ನೋಡಿದಳು, ಗಾಜಿನಾಚೆ ಕುಳಿತ ಅತ್ತೆಯನ್ನು ನೋಡಿದಳು. ಡಾಕ್ಟರನ್ನು ಕೂಗಿ, ಹೊರಗೆ ಬಂದು, "ಅಜ್ಜೀ, ಹಿಂಗ ಕುಂತರ ನಿನ್ನ ಬಿ.ಪಿ. ಏರತೈತಿ. ಬಾ ನೋಡತೀನಿ. ನೀ ಬಿದ್ದರ ನಿನ್ನ ಮಗ ನನ್ನ ಬೈತಾನ" ಎಂದು ತೋಳು ಹಿಡಿದು ಎಬ್ಬಿಸಿದಳು. ಬಿಳಿ ಬಟ್ಟೆಯವರ ಮಾತನ್ನು ಅತ್ತೆ ಮೀರುತ್ತಿರಲಿಲ್ಲ. ತಿರುತಿರುಗಿ ಟಿ.ವಿ. ನೋಡುತ್ತ ಪಕ್ಕದ ಕೋಣೆಗೆ ಹೋದರು.

ನಾನು ಒಳಗೆ ಓಡಿದೆ. "ಹೋದರು. ಈಗ ಒತ್ರಿ."

ನಿಮ್ಮ ತಾತ ಕೊನೆಯ ಮುಖದ ಮೇಲೆ ಹೆಬ್ಬೆರಳು ಇಟ್ಟರು. ಇಟ್ಟವರು ತೆಗೆಯಲಿಲ್ಲ. ಒತ್ತಿಯೇ ಹಿಡಿದರು. ಯಂತ್ರ ಒಂದೇ ಸಮನೆ ಕೂಗತೊಡಗಿತು. ಬೆಳಗಿನಿಂದ ತಡೆದಿದ್ದೆಲ್ಲ ಆ ಬೆರಳಿಗೆ ಬಂದಿತ್ತು. ಡಾಕ್ಟರು ಅದಾಗಲೇ ಬಂದಿದ್ದರು. ಬಿ.ಪಿ. ಇಳಿದುಹೋಗಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರು. ಮಂಚವನ್ನೇ ತಳ್ಳಿಕೊಂಡು ಆಪರೇಷನ್ನಿಗೆ ಓಡಿದರು. ಓಡುವಾಗ ರಿಮೋಟಿನ ದಾರ ಹರಿದು ನೆಲಕ್ಕೆ ಬಿತ್ತು. ನಾನು ಎತ್ತಿ ಸಿಸ್ಟರುಗಳ ಮೇಜಿನ ಮೇಲಿಟ್ಟೆ. ಅದಕ್ಕೆ ಅವರ ಬೆರಳಿನ ಕೆಂಪು ಧೂಳು ಮೆತ್ತಿತ್ತು.

ಅತ್ತೆ ಮರಳಿ ಬರುವಷ್ಟರಲ್ಲಿ ಆ ಮೂಲೆಯ ಮುಖವನ್ನು ಯಾರೋ ಅಳಿಸಿದ್ದರು. "ಎಲ್ಲಿ ಅವನ ಮಾರಿ?" ಎಂದರು.

"ಒಳಗ ಕರಕೊಂಡು ಹೋದರ್ರಿ."

"ಸರದಿ ಬಂತು ಅನ್ನು. ನಕ್ಕೋಂತ ಇದ್ದ, ಬರತಾನ" ಎಂದು ಬೆಂಚಿನ ಮೇಲೆ ಕುಳಿತರು.

ಬರಲಿಲ್ಲ ಮಕ್ಕಳೇ. ಸಂಜೆಗೆ ಡಾಕ್ಟರು ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಅತ್ತೆ ನನ್ನ ಸೆರಗು ಹಿಡಿದು ಹಿಂದೆಯೇ ಬಂದರು. ಡಾಕ್ಟರು ಸುದ್ದಿ ಹೇಳಿ, "ಅಷ್ಟು ನೋವು ಇಟ್ಟುಕೊಂಡು ಮೊದಲೇ ಯಾಕಮ್ಮಾ ಒತ್ತಲಿಲ್ಲ ಅವರು?" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ನನಗೆ ಉತ್ತರ ಗೊತ್ತಿತ್ತು. ನನ್ನ ಸೆರಗು ಅತ್ತೆಯ ಮುಷ್ಟಿಯಲ್ಲಿತ್ತು. ಶಾಲೆಯಲ್ಲಿ ನಿಂತಂತೆ ನೆಲ ನೋಡುತ್ತ ನಿಂತೆ.

ಎಲ್ಲರೂ ಹೆದರಿದಂತೆ ಅತ್ತೆ ಆ ದಿನ ಬೀಳಲಿಲ್ಲ. ಇನ್ನೂ ಎಷ್ಟೋ ವರ್ಷ ಬದುಕಿದರು. ಮಾತಾಡಿಸಲು ಬಂದವರಿಗೆಲ್ಲ, "ನನ್ನ ಮಗಗ ಒಂದೀಟೂ ಬ್ಯಾನಿ ಆಗಲಿಲ್ಲವಾ. ನಾ ಕಣ್ಣಾರ ನೋಡೀನಿ. ನಕ್ಕೋಂತ ಹೋದ" ಎನ್ನುತ್ತಿದ್ದರು. ಆ ಮಾತೊಂದನ್ನು ಖರ್ಜೂರದಂತೆ ಬಾಯಲ್ಲಿಟ್ಟುಕೊಂಡು ಅವರು ಉಳಿದರು. ಪ್ರತಿ ಸಲವೂ "ಹೌದಿಲ್ಲೇನ?" ಎಂದು ನನ್ನ ಕಡೆ ತಿರುಗುತ್ತಿದ್ದರು. "ಹೌದ್ರಿ ಅತ್ತಿ" ಎನ್ನುತ್ತಿದ್ದೆ. ನಿಮ್ಮ ಮಾತಿಗಾಗಿಯೇ ನಕ್ಕರು ಎಂದು ಯಾರು ಹೇಳುವವರು? ಕೊನೆಯುಸಿರಿನ ಹಿಂದಿನ ದಿನವೂ ಕೇಳಿದರು. ಆಗಲೂ ಹಾಗೆಯೇ ಅಂದೆ.

ನಿಮ್ಮ ಅವ್ವ ಅದನ್ನೇ ಕೇಳಿ ಬೆಳೆದಳು. ನಿಮಗೂ ಅದನ್ನೇ ಹೇಳಿದ್ದಾಳೆ, ತಾತ ನಗುತ್ತ ಹೋದರು ಎಂದು. ಆದರೆ ಮನೆಯವರಲ್ಲಿ ಆ ಹೆಬ್ಬೆರಳನ್ನು ನೋಡಿದವಳು ನಾನೊಬ್ಬಳೇ. ನಾನು ಹೋದ ಮೇಲೆ ಅವರ ನೋವು ಯಾರಿಗೂ ಗೊತ್ತಿಲ್ಲದೆ ಹೋಗಿಬಿಡುತ್ತದಲ್ಲ ಎಂದು ಹೋದ ತಿಂಗಳು ಪುಟ್ಟ ಅಳುವ ಮುಖ ಮುಟ್ಟಿದಾಗ ಅನಿಸಿತು. ಅದಕ್ಕೇ ಎದ್ದು ಹೋದೆ ಚಿನ್ನೀ. ಬಿಸಿಲಿರಲಿಲ್ಲ.

ಪುಟ್ಟಾ, ನೀನು ನಮ್ಮೆಲ್ಲರ ಎದುರಿಗೇ ಆ ಮುಖ ಮುಟ್ಟಿದೆಯಲ್ಲ, ನನಗೆ ಅಳುವಿನ ಜೊತೆಗೆ ಏನೋ ಸಮಾಧಾನವೂ ಆಯಿತು ಕಣಪ್ಪಾ.

ಈ ಹಾಳೆಗಳನ್ನು ನಿಮ್ಮ ಅವ್ವನಿಗೆ ತೋರಿಸಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ. ದೊಡ್ಡವರಾದ ಮೇಲೆ ನೀವಿಬ್ಬರೂ ಕೂಡಿ ವಿಚಾರ ಮಾಡಿ. ಅಲ್ಲಿಯವರೆಗೆ ಇವನ್ನು ಹರಿಯದಂತೆ, ಒದ್ದೆಯಾಗದಂತೆ ಇಟ್ಟಿರಿ. ನನ್ನ ಟ್ರಂಕಿನಲ್ಲಿ ನಿಮ್ಮ ತಾತನ ಒಂದು ಬನಿಯನ್ ಇದೆ, ಇನ್ನೂ ಕೆಂಪು ಹೋಗಿಲ್ಲ. ಅದರ ಮಡಿಕೆಯೊಳಗೆ ಇಟ್ಟರೂ ಆದೀತು.